ಮೂವತ್ತೆಂಟು ಪುಸ್ತಕ ಮತ್ತು ಒಂದು ಗೇಟು

2024ರ ಜುಲೈ 27, ಶನಿವಾರ. ನಮ್ಮ ಲೈಬ್ರರಿಯ ರಿಜಿಸ್ಟರಿನಲ್ಲಿ ಆ ದಿನದ ಒಂದು ಸಾಲು ನನ್ನದೇ ಕೈಬರಹದಲ್ಲಿದೆ: ಪುಸ್ತಕದ ನಂಬರು, ಒಬ್ಬ ತಾಯಿಯ ಕಾರ್ಡ್ ನಂಬರು, ವಾಪಸ್ ಕೊಡಬೇಕಾದ ತಾರೀಖು. ಪುಸ್ತಕ ತೆಗೆದುಕೊಂಡು ಹೋದದ್ದು ಮಾತ್ರ ತಾಯಿಯಲ್ಲ, ಏಳನೇ ಕ್ಲಾಸಿನ ಮಗಳು. ಅವತ್ತು ಜಿಟಿಜಿಟಿ ಮಳೆ. ಒದ್ದೆ ಛತ್ರಿ ಹಿಡಿದು ಐದಾರು ಜನ ಸಾಲಿನಲ್ಲಿದ್ದರು. ನಾನು ಮುಖವೆತ್ತಿ ನೋಡದೆ ಸೀಲು ಒತ್ತಿ ಕೊಟ್ಟೆ.

ಮೂರು ವಾರ ಕಳೆಯುವುದರೊಳಗೆ, ಆ ಕಾದಂಬರಿಯನ್ನೂ ಅದರ ಜೊತೆ ಇನ್ನೂ 37 ಭಯದ ಕಾದಂಬರಿಗಳನ್ನೂ ಲೈಬ್ರರಿಯಿಂದ ಶಾಶ್ವತವಾಗಿ ತೆಗೆದುಹಾಕಬೇಕೆಂದು 19 ಮನೆಯವರು ಸಹಿ ಹಾಕಿದ ಅರ್ಜಿ ನನ್ನ ಮೇಜಿನ ಮೇಲೆ ಬಂತು. ನಡುವೆ ನಡೆದದ್ದನ್ನೂ ಆಮೇಲೆ ನಾವು ಮಾಡಿದ್ದನ್ನೂ ಬರೆದಿಡುತ್ತಿದ್ದೇನೆ, ಏಕೆಂದರೆ ಬಡಾವಣೆಗಳಲ್ಲಿ ಇಂಥ ಲೈಬ್ರರಿ ನಡೆಸುವ ಯಾರಿಗಾದರೂ ನಾಳೆ ಇದೇ ಅರ್ಜಿ ಬರಬಹುದು. ಯಾರ ಹೆಸರನ್ನೂ ಹಾಕಿಲ್ಲ. ಕಾದಂಬರಿಯ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಹೆಸರು ಹೇಳಿದ ಕೂಡಲೇ ಎಲ್ಲ ತಪ್ಪೂ ಅದರ ತಲೆಗೆ ಬೀಳುತ್ತದೆ.

ಲೈಬ್ರರಿ

ಬನಶಂಕರಿ ಕಡೆಯ ಹಳೆಯ ಬಡಾವಣೆ ನಮ್ಮದು. ನಿವಾಸಿಗಳ ಸಂಘದ ಕಟ್ಟಡದಲ್ಲಿ ಕೆಳಗಿನ ಒಂದು ಕೋಣೆ, ಆರು ಕಬ್ಬಿಣದ ಕಪಾಟು, ಸುಮಾರು ಎರಡು ಸಾವಿರ ಪುಸ್ತಕ. ಹೆಚ್ಚಿನವು ಯಾರೋ ಮನೆ ಬದಲಾಯಿಸುವಾಗ ಅಥವಾ ಮನೆಯ ಹಿರಿಯರು ತೀರಿಕೊಂಡಾಗ ಬಂದವು. ಉಳಿದವನ್ನು ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಿಂದ ನಾನೇ ಚೀಲದಲ್ಲಿ ಹೊತ್ತು ತಂದಿದ್ದೇನೆ. ಶನಿವಾರ, ಭಾನುವಾರ ಸಂಜೆ ಬಾಗಿಲು ತೆರೆಯುತ್ತೇವೆ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತಿಯಾದ ಮೇಲೆ ನನಗೆ ಉಳಿದ ಕ್ಲಾಸ್ ರೂಮು ಇದೇ.

ಅತಿ ಹೆಚ್ಚು ಕೈಯಿಂದ ಕೈಗೆ ಹೋಗುವವು ಪತ್ತೇದಾರಿ ಮತ್ತು ಭಯದ ಕಾದಂಬರಿಗಳು. ಕೆಲವಕ್ಕೆ ಎರಡೆರಡು ಸಲ ಬೈಂಡ್ ಮಾಡಿಸಿದ್ದೇವೆ. ನಾನು ಅವನ್ನು ಯಾವತ್ತೂ ಕೀಳಾಗಿ ಕಂಡವಳಲ್ಲ. ಶಾಲೆಯಲ್ಲಿ ಕನ್ನಡವನ್ನು ಮೂರನೇ ಭಾಷೆಯಾಗಿ ಓದುವ ಹುಡುಗ ಮುನ್ನೂರು ಪುಟದ ಕನ್ನಡ ಪುಸ್ತಕವನ್ನು ಯಾರ ಬಲವಂತವೂ ಇಲ್ಲದೆ ಮುಗಿಸಿ ತಂದು ಕೊಡುವುದನ್ನು ಕಂಡಿದ್ದೇನೆ. ಆ ಕೆಲಸ ನನ್ನ ವ್ಯಾಕರಣ ಪಾಠದಿಂದ ಆಗಿರಲಿಲ್ಲ.

ಆ ಮನೆಯಲ್ಲಿ

ಹುಡುಗಿ ಪುಸ್ತಕ ಒಯ್ದ ಎರಡನೇ ದಿನ ಅವಳ ತಮ್ಮನಿಗೆ ಜ್ವರ ಬಂತು. ಬೆಂಗಳೂರಿನಲ್ಲಿ ಆ ವರ್ಷದ ಡೆಂಗಿ ಯಾರೂ ಮರೆಯುವಂಥದ್ದಲ್ಲ. ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಬೇಕಾಯಿತು. ಆರು ವರ್ಷದ ಹುಡುಗನ ಪ್ಲೇಟ್‌ಲೆಟ್ ಇಳಿಯುತ್ತಾ ಹೋಗಿ ಆಸ್ಪತ್ರೆಗೆ ಸೇರಿಸಿದರು. ಅಪ್ಪ ಅಮ್ಮ ಇಬ್ಬರೂ ಅಲ್ಲೇ. ಹುಡುಗಿಯನ್ನು ನೋಡಿಕೊಳ್ಳಲು ಊರಿಂದ ದೊಡ್ಡಮ್ಮ ಬಂದರು. ಬಂದವರೇ ಫೋನಿನಲ್ಲಿ ಯಾರಿಗೋ ಹೇಳಿದ ಮಾತು ಹುಡುಗಿಯ ಕಿವಿಗೆ ಬಿತ್ತು: "ಯಾರದೋ ಕೆಟ್ಟ ಕಣ್ಣು ಬಿದ್ದಿದೆ ಕಣೇ, ಇಲ್ಲಾಂದ್ರೆ ಆಡ್ತಿದ್ದ ಮಗು ಹಿಂಗೆ ಮಲಗುತ್ತಾ?"

ಅವಳ ಕೈಯಲ್ಲಿದ್ದ ಕಾದಂಬರಿಯ ಕಥೆ ಹೀಗಿದೆ. ಒಂದು ಮನೆಯ ಮಗು ದಿನೇದಿನೇ ಸೊರಗುತ್ತದೆ. ವೈದ್ಯರಿಗೆ ಕಾರಣ ಸಿಗುವುದಿಲ್ಲ. ಕೊನೆಗೆ ತಿಳಿಯುವುದೇನೆಂದರೆ, ಆಗಾಗ ಸಿಹಿ ತಂದುಕೊಡುತ್ತಿದ್ದ ಪಕ್ಕದ ಮನೆಯ ಒಂಟಿ ಮುದುಕಿ ಮಾಟ ಮಾಡಿಸಿರುತ್ತಾಳೆ. ಅವಳನ್ನು ಪತ್ತೆ ಹಚ್ಚಿ ಓಡಿಸಿದ ಮೇಲೆ ಮಗು ಎದ್ದು ಕೂರುತ್ತದೆ.

ನಮ್ಮ ಬೀದಿಯ ತಿರುವಿನಲ್ಲಿ ಒಬ್ಬ ಅಜ್ಜಿ ಇದ್ದಾರೆ. ಎಪ್ಪತ್ತಾರು ವರ್ಷ, ಒಬ್ಬರೇ. ಮಕ್ಕಳನ್ನು ಕಂಡರೆ ಕರೆದು ಕೊಬ್ಬರಿ ಮಿಠಾಯಿ ಕೊಡುತ್ತಾರೆ. ಹುಡುಗನೂ ಜ್ವರ ಬರುವ ಮುಂಚೆ ತಿಂದಿದ್ದ.

ಆಗಸ್ಟ್ 4ಕ್ಕೆ ಭೀಮನ ಅಮಾವಾಸ್ಯೆ. ಮರುದಿನ ಬೆಳಿಗ್ಗೆ ಸ್ಕೂಲ್ ವ್ಯಾನಿಗೆ ಹೊರಟ ಹುಡುಗಿಗೆ ಅಜ್ಜಿಯ ಮನೆ ಮುಂದಿನ ಮೂರು ದಾರಿ ಕೂಡುವಲ್ಲಿ ಕುಂಕುಮ ಬಳಿದ ನಿಂಬೆಹಣ್ಣಿನ ಹೋಳು, ಒಡೆದ ಬೂದುಗುಂಬಳ ಕಂಡವು. ಮೂಲೆ ಮನೆಯ ಟೆಂಪೋ ಓನರ್ ಪ್ರತಿ ಅಮಾವಾಸ್ಯೆಗೂ ಗಾಡಿಗೆ ಪೂಜೆ ಮಾಡಿ ಅಲ್ಲೇ ಒಡೆಯುತ್ತಾರೆ, ಹತ್ತು ವರ್ಷದಿಂದ. ದೊಡ್ಡವರಿಗೆಲ್ಲ ಗೊತ್ತು. ಹುಡುಗಿಗೆ ಯಾರೂ ಹೇಳಿರಲಿಲ್ಲ.

ಅವಳು ವ್ಯಾನಿನಲ್ಲಿ ಇನ್ನಿಬ್ಬರಿಗೆ ಹೇಳಿದಳು. ಆ ವಾರ ಮುಗಿಯುವ ಹೊತ್ತಿಗೆ ಬೀದಿಯ ಮಕ್ಕಳೆಲ್ಲ ಅಜ್ಜಿಯ ಮನೆ ಬಂದಾಗ ಎದುರು ಫುಟ್‌ಪಾತಿಗೆ ದಾಟಿ ಓಡತೊಡಗಿದ್ದರು. ಕಾಂಪೌಂಡಿನೊಳಕ್ಕೆ ಎರಡು ಸಲ ಕಲ್ಲು ಬಿತ್ತು. ಒಂದು ಬೆಳಿಗ್ಗೆ ಅಜ್ಜಿ ಹಾಲು ತೆಗೆದುಕೊಳ್ಳಲು ಬಂದಾಗ ಬಿಳಿ ಗೇಟಿನ ಮೇಲೆ ಇಟ್ಟಿಗೆ ಚೂರಿನಿಂದ ಗೀಚಿದ ಅಕ್ಷರಗಳಿದ್ದವು: "ನಾಳೆ ಬಾ."

ಆ ಗೇಟನ್ನು ನಾನು ಅದೇ ದಿನ ನೋಡಿದೆ. 'ಳ'ದ ಸುರುಳಿ ತಿದ್ದಿ ತಿದ್ದಿ ಬರೆದಂತಿತ್ತು. ಅಷ್ಟು ಜಾಗ್ರತೆಯಿಂದ ಬರೆದ ಮಗು ತುಂಬಾ ಹೆದರಿತ್ತು ಅನ್ನುವುದು ಮೇಷ್ಟ್ರ ಕಣ್ಣಿಗೆ ಕಾಣದೆ ಇರುವುದಿಲ್ಲ. ಅಜ್ಜಿ ತೆಂಗಿನ ನಾರು, ಸೋಪಿನ ಪುಡಿ ಹಿಡಿದು ಉಜ್ಜುತ್ತಿದ್ದರು. ನಾನು ಬಕೆಟ್ ಹಿಡಿದುಕೊಂಡೆ. ಇಬ್ಬರೂ ಮಾತಾಡಲಿಲ್ಲ. ಬಣ್ಣ ಹೋಯಿತು, ಗೀರು ಉಳಿಯಿತು.

ಸಭೆ

ಆಗಸ್ಟ್ 18ರ ಭಾನುವಾರ ಸಂಘದ ಸಭೆ. ಹುಡುಗ ಅಷ್ಟು ಹೊತ್ತಿಗೆ ಮನೆಗೆ ಬಂದು ಚೇತರಿಸಿಕೊಳ್ಳುತ್ತಿದ್ದ. ಅವನ ತಾಯಿ ಎದ್ದು ನಿಂತರು, ಕಣ್ಣ ಸುತ್ತ ಕಪ್ಪು ಇನ್ನೂ ಇತ್ತು. "ಮೇಡಂ, ನನ್ನ ಮಗಳು ರಾತ್ರಿ ಬಾತ್‌ರೂಮಿಗೂ ಒಬ್ಬಳೇ ಹೋಗಲ್ಲ. ಆ ಅಜ್ಜಿ ಮುಖ ನೋಡೋಕೆ ನನಗೆ ನಾಚಿಕೆ ಆಗ್ತಿದೆ. ನಿಮ್ಮ ಪುಸ್ತಕದಿಂದಾನೇ ಇಷ್ಟೆಲ್ಲ ಆಗಿದ್ದು. ದಯವಿಟ್ಟು ತೆಗೆದುಬಿಡಿ."

ಆ ಮಾತನ್ನು ತಳ್ಳಿಹಾಕಲು ನನಗೆ ಆಗಲಿಲ್ಲ, ಈಗಲೂ ಆಗುವುದಿಲ್ಲ. ಭಯದ ಕಾದಂಬರಿ ಓದಿ ಮಗು ಎರಡು ರಾತ್ರಿ ದೀಪ ಹಾಕಿಕೊಂಡು ಮಲಗಿದರೆ ಅದು ಓದಿನ ಪಾಲಿಗೆ ಬಂದದ್ದೇ. ಇಲ್ಲಿ ಹಾಗಲ್ಲ, ಪುಸ್ತಕವನ್ನು ಮುಟ್ಟಿಯೂ ನೋಡದ ಒಬ್ಬ ಮುದುಕಿಯ ಮನೆಗೆ ಕಲ್ಲು ಬಿದ್ದಿದೆ. ಮಾಟಗಾತಿ ಎಂದು ಹೆಂಗಸರ ಮೇಲೆ ಬೀಳುವ ಕಲ್ಲು ಈ ದೇಶದಲ್ಲಿ ಕಟ್ಟುಕಥೆಯಲ್ಲ. ಅದನ್ನು ತಡೆಯಲೆಂದೇ ಬಿಹಾರ 1999ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಬೇಕಾಯಿತು. ನಿಷೇಧ ಬೇಕೆನ್ನುವವರ ವಾದವನ್ನು ಅದರ ಅತ್ಯಂತ ಗಟ್ಟಿ ರೂಪದಲ್ಲಿ ಎದುರಿಸಬೇಕು ಅನ್ನುವುದಾದರೆ, ನಮ್ಮ ಬೀದಿಯಲ್ಲಿ ಅದು ಆ ರೂಪದಲ್ಲೇ ಬಂದಿತ್ತು.

ಬಡಾವಣೆಯ ವಕೀಲರೊಬ್ಬರು ಒಂದು ಪ್ರಿಂಟ್‌ಔಟ್ ತಂದಿದ್ದರು. "ಕಾನೂನೇ ಇದೆ, ನಾವು ಚರ್ಚೆ ಮಾಡೋ ಅಗತ್ಯವೇ ಇಲ್ಲ" ಅಂದರು. ಅವರು ಹೇಳಿದ್ದು ನಿಜ. 1956ರಲ್ಲಿ ಸಂಸತ್ತು ಮಾಡಿದ ಒಂದು ಕಾಯ್ದೆ, ಕಿರಿಯರಿಗೆ ಹಾನಿಕರವಾದ ಪ್ರಕಟಣೆಗಳ ಕುರಿತದ್ದು. ಅಪರಾಧ, ಹಿಂಸೆ, ಕ್ರೌರ್ಯ, ಜೊತೆಗೆ ಜುಗುಪ್ಸೆ ಹುಟ್ಟಿಸುವ ಅಥವಾ ಘೋರವಾದ ಘಟನೆಗಳ ಕಥೆ ಹೇಳಿ, ಒಟ್ಟಾರೆಯಾಗಿ ಕಿರಿಯರನ್ನು ಕೆಡಿಸುವಂತಿರುವ ಪುಸ್ತಕವನ್ನು ಮಾರಿದರೆ, ಬಾಡಿಗೆಗೆ ಕೊಟ್ಟರೆ ಆರು ತಿಂಗಳವರೆಗೆ ಸಜೆ. ಕಿರಿಯರೆಂದರೆ ಇಪ್ಪತ್ತು ವರ್ಷದೊಳಗಿನವರು. ರಾಜ್ಯ ಸರ್ಕಾರ ಅಡ್ವೊಕೇಟ್ ಜನರಲ್ ಜೊತೆ ಸಮಾಲೋಚಿಸಿ ಅಂಥ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು.

ಸಭೆ ಒಂದು ಕ್ಷಣ ತಣ್ಣಗಾಯಿತು. ಸರ್ಕಾರ ಸಾಮಾನ್ಯವಾಗಿ ಪುಸ್ತಕಗಳನ್ನು ಮುಟ್ಟುಗೋಲು ಹಾಕಿಕೊಳ್ಳುವ ಕಲಮಿನಲ್ಲಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 95ರಲ್ಲಿ, ಆ ಜುಲೈ ಒಂದರಿಂದ ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯ 98ರಲ್ಲಿ, ಭಯ ಅನ್ನುವ ಮಾತೇ ಇಲ್ಲ. ಅಲ್ಲಿರುವುದು ದ್ವೇಷ, ಅಶ್ಲೀಲ, ಧಾರ್ಮಿಕ ಭಾವನೆ ಇಂಥವು. ಪಿ. ವಿ. ನಾರಾಯಣರ ಕಾದಂಬರಿ 'ಧರ್ಮಕಾರಣ' ಮುಟ್ಟುಗೋಲಾಗಿ, 2007ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದೂ ಭಾವನೆಗೆ ಧಕ್ಕೆ ಎಂಬ ದಾರಿಯಲ್ಲೇ. ಭಯವನ್ನು ಹೆಸರು ಹಿಡಿದು ಹೇಳುವ ಕಾಯ್ದೆ ಈ 1956ರದ್ದು.

ಸಂಘದ ಕಾರ್ಯದರ್ಶಿ ಮೂರು ವಾರ ಸಮಯ ತೆಗೆದುಕೊಂಡರು. ಅಲ್ಲಿಯವರೆಗೆ 38 ಪುಸ್ತಕ ಬೀರುವಿನೊಳಗೆ, ಬೀಗ ನನ್ನ ಹತ್ತಿರ. ನಾನು ಒಪ್ಪಿದೆ. ಆ ಒಪ್ಪಿಗೆ ತಪ್ಪಾಗಿತ್ತು.

ಆ ಕಾಯ್ದೆ ಎಲ್ಲಿಂದ ಬಂತು

ನಮ್ಮ ಕಾಯ್ದೆಯ ಮಾತುಗಳು ಅದಕ್ಕಿಂತ ಒಂದು ವರ್ಷ ಮುಂಚೆ, 1955ರಲ್ಲಿ, ಬ್ರಿಟನ್ ಮಾಡಿದ ಕಾಯ್ದೆಯದ್ದೇ ಅಚ್ಚು. ಆ ಕಾಯ್ದೆಯ ಹಿಂದೊಂದು ಕಥೆಯಿದೆ. 1954ರ ಸೆಪ್ಟೆಂಬರಿನಲ್ಲಿ ಗ್ಲಾಸ್ಗೋ ನಗರದ ಗಾರ್ಬಲ್ಸ್ ಎಂಬ ಬಡವರ ಕೇರಿಯಲ್ಲಿ ಮಕ್ಕಳ ದಂಡು ಕೋಲು, ಚಾಕು ಹಿಡಿದು ಸ್ಮಶಾನಕ್ಕೆ ನುಗ್ಗಿತು. ಕಬ್ಬಿಣದ ಹಲ್ಲಿನ ಏಳಡಿ ಎತ್ತರದ ರಕ್ತಪಿಶಾಚಿ ಇಬ್ಬರು ಹುಡುಗರನ್ನು ತಿಂದಿದೆ, ಅದನ್ನು ಹುಡುಕಿ ಕೊಲ್ಲಬೇಕು ಅನ್ನುವುದು ಅವರ ಹಟ. ಕಾಣೆಯಾದ ಹುಡುಗರು ಯಾರೂ ಇರಲಿಲ್ಲ. ತಪ್ಪು ಅಮೆರಿಕದಿಂದ ಬರುತ್ತಿದ್ದ ಭಯದ ಕಾಮಿಕ್ಸಿನದ್ದು ಎಂದು ಪತ್ರಿಕೆಗಳೂ ರಾಜಕಾರಣಿಗಳೂ ಕೂಗಿದರು. ಕಾಮಿಕ್ಸಿನ ವಿರುದ್ಧ ಆಗಲೇ ಎದ್ದಿದ್ದ ಕೂಗಿಗೆ ಇದೂ ಸೇರಿ, ಮರುವರ್ಷ ಕಾಯ್ದೆ ಬಂತು. ಆ ಮಕ್ಕಳು ಅಂಥ ಪಿಶಾಚಿ ಇರುವ ಕಾಮಿಕ್ಸ್ ಓದಿದ್ದರು ಅನ್ನುವುದಕ್ಕೆ ಸಾಕ್ಷಿ ಸಿಗಲಿಲ್ಲ. ಕಬ್ಬಿಣದ ಹಲ್ಲಿನ ಮೃಗ ಬೈಬಲ್ಲಿನ ದಾನಿಯೇಲನ ಪುಸ್ತಕದಲ್ಲೂ ಇದೆ, ಕಬ್ಬಿಣದ ಹಲ್ಲಿನ ಜೆನ್ನಿ ಎಂಬವಳು ಸ್ಕಾಟ್ಲೆಂಡಿನ ಹಳೆಯ ಪದ್ಯದಲ್ಲೂ ಇದ್ದಾಳೆ.

ಬ್ರಿಟನ್ನಿನ ಕಾಯ್ದೆ ಚಿತ್ರಕಥೆಗಳಿಗಷ್ಟೇ. ನಾವು ಅದನ್ನು ತರುವಾಗ ಚಿತ್ರವಿಲ್ಲದ ಕಥೆಗಳನ್ನೂ ಸೇರಿಸಿಕೊಂಡೆವು. ಆ ಮಾತನ್ನು ಅಕ್ಷರಶಃ ಹಿಡಿದರೆ ನಾನು ಶಾಲೆಯಲ್ಲಿ ಏನು ಕಲಿಸುತ್ತಿದ್ದೆ ಎಂದು ಕೇಳಿಕೊಳ್ಳಬೇಕಾಗುತ್ತದೆ. 'ಕೆರೆಗೆ ಹಾರ'ದಲ್ಲಿ ನೀರು ಬರಲೆಂದು ಮನೆಯ ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡುತ್ತಾರೆ, ಮನೆಯವರೇ ಕೂಡಿ ಮಾತಾಡಿಕೊಂಡು. ಜನ್ನನ 'ಯಶೋಧರ ಚರಿತೆ' ಶುರುವಾಗುವುದೇ ಚಂಡಮಾರಿಯ ಗುಡಿಯಲ್ಲಿ, ಬಲಿಗೆ ಹಿಡಿದು ತಂದ ಎಳೆಯ ಅಣ್ಣ ತಂಗಿಯರಿಂದ. 1209ರ ಕಾವ್ಯ. ಇವುಗಳ ಭಯ ತೆಗೆದರೆ ಇವುಗಳಲ್ಲಿ ಉಳಿಯುವುದೇನು? ಭಾಗೀರಥಿಯ ಕಥೆ ಕೇಳಿ ಅತ್ತ ಮಕ್ಕಳು ನನ್ನ ಕ್ಲಾಸಿನಲ್ಲಿ ಎಷ್ಟೋ ಇದ್ದರು. ನೀರಿಗೆ ಜನರನ್ನು ಬಲಿ ಕೊಡಬಹುದು ಎಂದು ಅವರು ಯಾರೂ ಕಲಿಯಲಿಲ್ಲ.

ಇನ್ನು 'ನಾಳೆ ಬಾ'. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ರಾತ್ರಿ ಮನೆಯವರದೇ ದನಿಯಲ್ಲಿ ಕರೆದು ಬಾಗಿಲು ತಟ್ಟುವ ದೆವ್ವ, ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರೆ ಓದಿ ಹಿಂದಿರುಗಿ ಹೋಗುತ್ತದೆ. ನಮ್ಮ ವಠಾರದ ಏಳು ಬಾಗಿಲಲ್ಲಿ ಏಳೂ ಸೀಮೆಸುಣ್ಣ ಹೊದ್ದಿದ್ದವು, ಡಿಗ್ರಿ ಓದಿದ ನನ್ನದೂ ಸೇರಿ. ಅದು ಬಾಯಿಂದ ಬಾಯಿಗೆ, ಹಾಲಿನ ಬೂತಿನಿಂದ ಬಸ್ ಸ್ಟಾಪಿಗೆ ಹಬ್ಬಿದ ಸುದ್ದಿ. ಅಜ್ಜಿಯ ಗೇಟಿನ ಮೇಲಿದ್ದ ಎರಡು ಪದ ಆ ಕಾದಂಬರಿಯಲ್ಲಿ ಎಲ್ಲೂ ಇಲ್ಲ. ನಾನು ಪುಟ ಪುಟ ಹುಡುಕಿದ್ದೇನೆ. ಮಕ್ಕಳಿಗೆ ಅದನ್ನು ಹೇಳಿಕೊಟ್ಟವರು ಅವರ ಅಪ್ಪ ಅಮ್ಮಂದಿರು, ನನ್ನ ವಯಸ್ಸಿನವರು.

ಹುಡುಗಿ ಹೇಳಿದ್ದು

ಬೀಗ ಹಾಕಿದ ಮೇಲೆ ನಾನು ಅವಳ ಮನೆಗೆ ಹೋದೆ. ತಾಯಿ ಕಾಫಿ ಮಾಡಲು ಒಳಗೆ ಹೋದಾಗ ಅವಳನ್ನು ಕೇಳಿದೆ, "ಅಷ್ಟು ಹೆದರಿಕೆ ಆಗ್ತಿದ್ರೆ ನಡುವೆ ಯಾಕೆ ಬಿಡಲಿಲ್ಲ ಪುಟ್ಟಿ?"

"ಮಗು ಬದುಕುತ್ತಾ ಇಲ್ವಾ ನೋಡ್ಬೇಕಿತ್ತು ಮಿಸ್" ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ಮನೇಲಿ ಯಾರೂ ಹೇಳ್ತಾ ಇರ್ಲಿಲ್ಲ."

ಎಂಟು ದಿನ ಅವಳಿಗೆ ಸಿಕ್ಕ ಉತ್ತರ "ತಮ್ಮ ಚೆನ್ನಾಗಿದ್ದಾನೆ, ನೀನು ಓದ್ಕೋ" ಅನ್ನುವುದಷ್ಟೇ. ಡೆಂಗಿ ಎಂದರೇನು, ಪ್ಲೇಟ್‌ಲೆಟ್ ಯಾಕೆ ಇಳಿಯುತ್ತದೆ, ಮತ್ತೆ ಏರುತ್ತದೆಯೇ, ಯಾರೂ ಕೂರಿಸಿ ಹೇಳಿರಲಿಲ್ಲ. ಕಾಯಿಲೆ ಬಿದ್ದ ಮಗುವಿನ ಕಥೆಯನ್ನು ಶುರುವಿನಿಂದ ಕೊನೆವರೆಗೆ ಅವಳಿಗೆ ಹೇಳಿದ್ದು ಆ ಕಾದಂಬರಿ ಒಂದೇ. ಅದು ಕೆಟ್ಟ ಕಾರಣವನ್ನು ಕೊಟ್ಟಿತು, ಒಪ್ಪುತ್ತೇನೆ. ಒಂಟಿ ಮುದುಕಿಯನ್ನು ರಾಕ್ಷಸಿ ಮಾಡುವುದು ಸೋಮಾರಿ ಲೇಖಕರ ಹಳೇ ಉಪಾಯ, ಮತ್ತು ಅದರಿಂದ ನೋವಾಗುವುದು ನಿಜವಾದ ಮುದುಕಿಯರಿಗೆ. ಆದರೆ ಅದು ಕೊನೆಯಲ್ಲಿ ಮಗುವನ್ನು ಬದುಕಿಸಿತು. ಅರ್ಧ ಓದಿದಾಗ ಯಾರಾದರೂ ಕಿತ್ತುಕೊಂಡಿದ್ದರೆ ಅವಳ ತಲೆಯಲ್ಲಿ ಆ ಮಗು ಸಾಯುತ್ತಲೇ ಇರುತ್ತಿತ್ತು.

ಡೆಂಗಿಗೆ ಇನ್ನೊಂದು ಕಾರಣವೂ ನಮ್ಮ ಬೀದಿಯಲ್ಲಿತ್ತು. ಅವರ ಮನೆಯ ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯ ಮೋಲ್ಡಿಗೆ ಕ್ಯೂರಿಂಗೆಂದು ನೀರು ನಿಲ್ಲಿಸಿದ್ದರು, ವಾರಗಟ್ಟಲೆ. ಸರ್ವೆಗೆ ಬಂದ ಆಶಾ ಕಾರ್ಯಕರ್ತೆ ಅದರಲ್ಲಿ ಲಾರ್ವ ತೋರಿಸಿದ್ದರು. ಪುಸ್ತಕದ ವಿರುದ್ಧ 19 ಸಹಿ ಬಿದ್ದ ಬೀದಿಯಲ್ಲಿ ಆ ನೀರಿನ ಬಗ್ಗೆ ಒಂದೇ ಒಂದು ಅರ್ಜಿ ಇರಲಿಲ್ಲ. ನಾನೂ ಬರೆದಿರಲಿಲ್ಲ. ದಿನಾ ಅದರ ಮುಂದೆಯೇ ಹಾದು ಲೈಬ್ರರಿಗೆ ಬರುತ್ತಿದ್ದೆ.

ಸ್ಟೀಫನ್ ಕಿಂಗ್ ಉದಾಹರಣೆ

ಎರಡನೇ ಸಭೆಗೆ ಮುಂಚೆ, ಅರ್ಜಿಗೆ ಸಹಿ ಹಾಕಿದ್ದ ಒಬ್ಬ ಯುವಕ, ಸಾಫ್ಟ್‌ವೇರ್ ಕಂಪನಿಯಲ್ಲಿರುವವನು, ಲೈಬ್ರರಿಗೆ ಬಂದ. ಭಯದ ಕಾದಂಬರಿಗಳಿಗೆ ಹೆಸರಾದ ಅಮೆರಿಕದ ಲೇಖಕ ಸ್ಟೀಫನ್ ಕಿಂಗ್ ಅವರ ಪುಸ್ತಕಗಳನ್ನು ಓದಿ ಬೆಳೆದವನು. "ಆಂಟಿ, ಅವನೇ ತನ್ನ ಒಂದು ಕಾದಂಬರಿಯನ್ನ ನಿಲ್ಲಿಸಿಬಿಟ್ಟ, ಗೊತ್ತಾ?" ಎಂದ. ನಿಜವೇ. ರಿಚರ್ಡ್ ಬಾಕ್‌ಮನ್ ಎಂಬ ಹೆಸರಲ್ಲಿ 1977ರಲ್ಲಿ ಬರೆದ 'ರೇಜ್' ಭೂತದ ಕಥೆಯಲ್ಲ. ಶಾಲೆಗೆ ಬಂದೂಕು ತಂದ ವಿದ್ಯಾರ್ಥಿಯದ್ದು. 1997ರ ಡಿಸೆಂಬರಿನಲ್ಲಿ ಕೆಂಟಕಿಯ ಒಂದು ಶಾಲೆಯಲ್ಲಿ ಗುಂಡು ಹಾರಿಸಿ ಮೂವರನ್ನು ಕೊಂದ ಹುಡುಗನ ಬಳಿ ಆ ಪುಸ್ತಕ ಇತ್ತೆಂದು ತಿಳಿದ ಮೇಲೆ ಕಿಂಗ್ ಪ್ರಕಾಶಕರಿಗೆ ಹೇಳಿ ಮರುಮುದ್ರಣ ನಿಲ್ಲಿಸಿದರು. 2013ರಲ್ಲಿ ಅದರ ಬಗ್ಗೆ ಬರೆದ ಪ್ರಬಂಧದಲ್ಲಿ, ಇಂಥ ಕೃತ್ಯ ಮಾಡಿದ ಹುಡುಗರನ್ನು ಮುರಿದದ್ದು ತನ್ನ ಪುಸ್ತಕವಲ್ಲ, ಅವರು ಮೊದಲೇ ಮುರಿದಿದ್ದರು, ಆದರೂ ಅದು ಉರಿಗೆ ಎಣ್ಣೆಯಾಗಿರಬಹುದು ಎಂಬ ಅರ್ಥದ ಮಾತು ಹೇಳಿದ್ದಾರೆ.

ಈ ಉದಾಹರಣೆ ನನ್ನನ್ನು ಒಂದು ವಾರ ಕಾಡಿತು. ನಿಷೇಧದ ಪರ ಇದಕ್ಕಿಂತ ತೂಕದ ಸಾಕ್ಷಿ ಬೇರೆ ಇಲ್ಲ. ಆದರೆ ಅಲ್ಲಿ ಕೈಬಿಟ್ಟದ್ದು ಬರೆದವರೇ, ತಮ್ಮ ಒಂದು ಪುಸ್ತಕವನ್ನು, ತಮ್ಮ ಆತ್ಮಸಾಕ್ಷಿಗೆ ಉತ್ತರ ಕೊಟ್ಟು. ಕಾನೂನು ಹೇಳಿರಲಿಲ್ಲ, ಸರ್ಕಾರ ಕೇಳಿರಲಿಲ್ಲ. ಉಳಿದ ಭಯದ ಕಾದಂಬರಿಗಳನ್ನು ಅವರು ಮುಟ್ಟಲಿಲ್ಲ, ಮತ್ತೆ ಮತ್ತೆ ಬರೆದರು. ತಾನು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಕ್ಕು ಲೇಖಕರಿಗೆ ಇದೆ. ಓದದ 38 ಪುಸ್ತಕಗಳನ್ನು ಪಟ್ಟಿ ನೋಡಿ ಬೀರುವಿಗೆ ತಳ್ಳಿದ ನಮಗೆ ಆ ಹಕ್ಕು ಎಲ್ಲಿಂದ ಬಂತು? ಆ ಪಟ್ಟಿಯಲ್ಲಿ ಹೊದಿಕೆಯ ಮೇಲೆ ತಲೆಬುರುಡೆ ಇದ್ದ ಕಾರಣಕ್ಕೆ ಒಂದು ವೈದ್ಯಕೀಯ ಪತ್ತೇದಾರಿ ಕಾದಂಬರಿಯೂ ಸೇರಿತ್ತು.

ಕೆಟ್ಟ ಕಾದಂಬರಿಗೆ ನ್ಯಾಯವಾದ ಉತ್ತರ ಇದೆ. ಯಂಡಮೂರಿ ವೀರೇಂದ್ರನಾಥರ ಮಾಟದ ಕಾದಂಬರಿ 'ತುಳಸಿ ದಳಂ' ತೆಲುಗಿನಲ್ಲಿ ಜನರಿಗೆ ಹುಚ್ಚು ಹಿಡಿಸಿದ್ದಾಗ ಲೇಖಕಿ ರಂಗನಾಯಕಮ್ಮ ಅದು ಮೌಢ್ಯವನ್ನು ಬೆಳೆಸುತ್ತದೆ ಎಂದು ಕಟುವಾಗಿ ವಿಮರ್ಶಿಸಿ ಬರೆದರು. ಓದಿ, ಎಳೆ ಎಳೆಯಾಗಿ ಬಿಡಿಸಿ. ಅದು ದುಡಿಮೆ. ಬೀಗ ಹಾಕಲು ಒಂದು ನಿಮಿಷ ಸಾಕು.

ಬೀಗದಿಂದ ಏನಾಯಿತು ಅನ್ನುವುದನ್ನೂ ಹೇಳಬೇಕು. ಎರಡನೇ ಶನಿವಾರವೇ ಬೀರುವಿನ ಮುಂದೆ ಹತ್ತು ಹನ್ನೆರಡು ಮಕ್ಕಳು, "ಇದರಲ್ಲಿ ಏನಿದೆ ಮಿಸ್" ಎಂದು. ಎಂಟನೇ ಕ್ಲಾಸಿನ ಇಬ್ಬರು ಅದೇ ಕಾದಂಬರಿಯ ಪಿಡಿಎಫ್ ಹುಡುಕಿ ಮೊಬೈಲಿನಲ್ಲಿ ಓದಿದ್ದರು, ಹೊದಿಕೆಯೊಳಗೆ, ರಾತ್ರಿ. ಆ ಓದಿನ ಬಗ್ಗೆ ನನ್ನ ರಿಜಿಸ್ಟರಿನಲ್ಲಿ ಒಂದು ಸಾಲೂ ಇಲ್ಲ. ಅವರನ್ನು ಕೂರಿಸಿಕೊಂಡು ಮಾತಾಡಲು ನನಗೆ ದಾರಿಯೇ ಇರಲಿಲ್ಲ.

ತೀರ್ಮಾನ

ಸೆಪ್ಟೆಂಬರ್ 8ರ ಸಭೆಯಲ್ಲಿ ನಾನು ಎದ್ದು ನಿಂತು ಮೊದಲು ನನ್ನ ತಪ್ಪು ಹೇಳಿದೆ: ಮುಖ ನೋಡದೆ ಸೀಲು ಒತ್ತಿದ್ದು. ಆಮೇಲೆ, ಜನ ಮೆಚ್ಚಿ ಓದುವ ಭಯದ ಕಾದಂಬರಿಯನ್ನು ಅದು ಹೆದರಿಸುತ್ತದೆ ಎಂಬ ಕಾರಣಕ್ಕೆ ಯಾವ ಕಾಲಕ್ಕೂ ನಿಷೇಧಿಸಬಾರದು, ಸರ್ಕಾರವೂ, ನಾವೂ, ಎಂದೆ. ಬದುಕಿರುವ ಒಬ್ಬರ ಮೇಲೆ ಜನರನ್ನು ಎತ್ತಿಕಟ್ಟುವ ಬರಹವಿದ್ದರೆ ಅದಕ್ಕೆ ಬೇರೆ ಕಾನೂನಿದೆ, ಅದರಲ್ಲಿ ದೆವ್ವ ಇದೆಯೋ ಇಲ್ಲವೋ ಮುಖ್ಯವಲ್ಲ. ಯಾವ ಮಗುವಿನ ಕೈಗೆ, ಯಾವ ಹೊತ್ತಿನಲ್ಲಿ ಕೊಡಬೇಕು ಅನ್ನುವುದು ನನ್ನ ಕೆಲಸ, ಅದನ್ನು ನಾನು ಸರಿಯಾಗಿ ಮಾಡುತ್ತೇನೆ ಎಂದೆ.

ವಕೀಲರು ಒಪ್ಪಲಿಲ್ಲ. ಕೈ ಎತ್ತಿಸಿದಾಗ ಪುಸ್ತಕಗಳ ಪರ 14, ವಿರುದ್ಧ 11. ಹುಡುಗಿಯ ತಾಯಿ ಯಾವ ಕಡೆಗೂ ಕೈ ಎತ್ತಲಿಲ್ಲ.

ಈಗಿನ ಪದ್ಧತಿ ಸರಳ. ಹದಿನೈದರ ಕೆಳಗಿನವರು ಭಯದ ಕಾದಂಬರಿ ಕೇಳಿದರೆ ಎರಡು ನಿಮಿಷ ಮಾತಾಡುತ್ತೇನೆ, ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಎಂದು ಮೊದಲು ಕೇಳುತ್ತೇನೆ. ಮನೆಯವರಿಗೆ ಫೋನ್ ಮಾಡಿ ತಿಳಿಸುತ್ತೇನೆ. ವಾಪಸ್ ಕೊಟ್ಟಾಗ ಬೆಂಚಿನ ಮೇಲೆ ಕೂತು ಕಥೆ ಹೇಳಿಸುತ್ತೇನೆ. ಸಮಯ ಹಿಡಿಯುತ್ತದೆ. ಸಾಲು ಉದ್ದವಾದರೆ ಆಗಲಿ.

ಸಭೆಯ ಹಿಂದಿನ ದಿನ ಗಣೇಶನ ಹಬ್ಬ. ಪ್ರತಿ ವರ್ಷ ಮಕ್ಕಳು ಗುಂಪಾಗಿ ಅಕ್ಷತೆ ಹಿಡಿದು ಮನೆಮನೆಗೆ "ಗಣೇಶ ಕೂರಿಸಿದ್ದೀರಾ?" ಎಂದು ಬರುತ್ತಾರೆ, ಅಜ್ಜಿಯ ಮನೆಗೆ ಮೊದಲು ಬರುತ್ತಾರೆ, ಮಿಠಾಯಿಗಾಗಿ. ಆ ಸಂಜೆ ನಾನು ಅಲ್ಲಿದ್ದೆ. ಅಂಗೈ ಅಗಲದ ಮಣ್ಣಿನ ಗಣಪ, ಎರಡು ಎಳೆ ಗರಿಕೆ, ಪಕ್ಕದಲ್ಲಿ ಸ್ಟೀಲ್ ಡಬ್ಬ. ಏಳೂವರೆಯಾದರೂ ಯಾರೂ ಬರಲಿಲ್ಲ. ಅಜ್ಜಿ ಕೇಳಿದರು, "ಅದೇನೋ ಪುಸ್ತಕ ಅಂದ್ರಲ್ಲ ಟೀಚರಮ್ಮ, ನನಗೊಂದ್ಸಲ ಕೊಡಿ. ನಾನು ಏನ್ ಮಾಡಿದೀನಿ ಅಂತ ನನಗೂ ಗೊತ್ತಾಗಲಿ."

ಮುಂದಿನ ಶನಿವಾರ ಬೀರು ತೆರೆದ ಮೇಲೆ ಮೊದಲು ಹೊರಗೆ ಹೋದದ್ದು ಆ ಪುಸ್ತಕವೇ, ಅವರ ಹೆಸರಿನಲ್ಲಿ. ಹನ್ನೊಂದು ದಿನ ಇಟ್ಟುಕೊಂಡು ತಂದುಕೊಟ್ಟರು. ಬೆಂಚಿನ ಮೇಲೆ ಕೂತರು. "ಬರೆದೋನಿಗೆ ಅಮಾವಾಸ್ಯೆ ಗೊತ್ತಿಲ್ಲ. ನಿಂಬೆಹಣ್ಣು ಇಡೋರು ತಾವೇ ಹೆದರ್ಕೊಂಡಿರ್ತಾರೆ ಕಣಮ್ಮ. ಟೆಂಪೋ ಸಾಲ ಇನ್ನೂ ಮೂರು ವರ್ಷ ಇದೆಯಂತೆ ಅವನಿಗೆ" ಎಂದರು. ಆ ಮುದುಕಿಯನ್ನು ಊರು ಬಿಡಿಸಿದ ಅಧ್ಯಾಯದ ಪುಟದ ಮೂಲೆ ಮಡಿಸಿತ್ತು.

ಹುಡುಗಿ ಅಕ್ಟೋಬರಿನಲ್ಲಿ ಒಂದು ದಿನ ಅಮ್ಮನ ಜೊತೆ ಹೋಗಿ ಅಜ್ಜಿಯನ್ನು ಮಾತಾಡಿಸಿ ಬಂದಳಂತೆ. ಏನು ಮಾತಾಡಿಕೊಂಡರು ಎಂದು ನಾನು ಕೇಳಲಿಲ್ಲ. ತಮ್ಮ ಈಗ ಸೈಕಲ್ ತುಳಿಯುತ್ತಾನೆ, ಅಜ್ಜಿಯ ಗೇಟಿನ ಮುಂದೆ ಮಾತ್ರ ಇಳಿದು ತಳ್ಳಿಕೊಂಡು ಹೋಗುತ್ತಾನೆ. ಗೇಟಿಗೆ ಸಂಘದ ಖರ್ಚಿನಲ್ಲಿ ಬಣ್ಣ ಹೊಡೆಸುತ್ತೇವೆ ಎಂದಾಗ ಅಜ್ಜಿ ಬೇಡವೆಂದರು. ಬೆಳಿಗ್ಗೆ ಬಿಸಿಲು ಓರೆಯಾಗಿ ಬಿದ್ದಾಗ 'ಳ'ದ ಸುರುಳಿ ಇನ್ನೂ ಕಾಣುತ್ತದೆ.